ತೂಗುಗುಂಡು ಭಾವ ಲೆನ್ಸ್ ಆರಿಸಿದ್ದು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬಂಧುಬಳಗವೆಲ್ಲ ಇಟ್ಟ ಹೆಸರು ತೂಗುಗುಂಡು, ಅಂದರೆ ಗಾರೆಯವರು ಗೋಡೆಯ ನೇರ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಪಟವನ್ನು ನೆಟ್ಟಗೆ ಮಾಡಿಯೇ ಕೂರುವ ಆಸಾಮಿ. ಕೆಲಸವೂ ಅಂಥದ್ದೇ: ಕಟ್ಟಡಗಳ ಫೋಟೊ ತೆಗೆಯುವುದು. ಅಂಗೈಯಗಲದ ಫಿಲ್ಮ್ ಹಾಳೆ ಹಾಕುವ ದೊಡ್ಡ ಕ್ಯಾಮೆರಾ, ಅದಕ್ಕೊಂದು ಟ್ರೈಪಾಡ್. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಹಿಂಬದಿಯ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ನೋಡಿಕೊಂಡು ಫೋಕಸ್ ಮಾಡಬೇಕು. ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ಅವರ ಫೋಟೊಗಳಲ್ಲಿ ವಾಲಿದ ಗೋಡೆ ಒಂದೂ ಇಲ್ಲ.

ಕಳೆದ ತಿಂಗಳು, ಹಳೆಯ ಮೆಟ್ಟಿಲುಗಳ ಬಗ್ಗೆ ಪುಸ್ತಕ ಮಾಡುತ್ತಿದ್ದ ಆರ್ಕಿಟೆಕ್ಟ್ ಮೇಡಂ ಎರಡು ಫೋಟೊ ವಾಪಸ್ ಕಳಿಸಿದರು. ಮೂಲೆಗಳು ಮಬ್ಬು. ಮೂರನೆಯದೂ ಹಾಗೇ ಬಂದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ನಯವಾಗಿ ತಿಳಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವ ಮೊದಲು ಟ್ರೈಪಾಡನ್ನು ಬೈದರು, ಆಮೇಲೆ ತಪ್ಪನ್ನೆಲ್ಲ ಹಳೆಯ ಲೆನ್ಸಿನ ತಲೆಗೆ ಕಟ್ಟಿದರು.

ಅಂಗಡಿಯವನು ಎರಡು ವೈಡ್ ಲೆನ್ಸುಗಳನ್ನು ಒಂದು ದಿನದ ಮಟ್ಟಿಗೆ ಕೊಟ್ಟ. ಎರಡಕ್ಕೂ ಕಾಣುವ ಅಗಲ ಒಂದೇ. ಒಂದು ಜೇಬಿಗೆ ಹಿಡಿಸುವಷ್ಟು ಸಣ್ಣದು. ಇನ್ನೊಂದು ಕುಂಬಳಕಾಯಿ, ಆದರೆ ಗಾಜಿನ ಮೇಲೆ ಎರಡರಷ್ಟು ಬೆಳಕು ಬೀಳಿಸುತ್ತದೆ.

"ಇನ್ನೂ ಅಗಲದ್ದು ಇದೆ, ತೋರಿಸ್ಲಾ?" ಎಂದ.

"ಬೇಡಪ್ಪ. ಮೆಟ್ಟಿಲೆಲ್ಲ ರಬ್ಬರ್ ಎಳೆದ ಹಾಗೆ ಕಾಣುತ್ತೆ." ಭಾವ ಸಣ್ಣದನ್ನು ಅಂಗೈಯಲ್ಲಿ ತೂಗಿ ನೋಡಿದರು. "ಇದೇ ಸಾಕು. ಆ ಕುಂಬಳಕಾಯಿ ಕಣ್ಣು ಕಾಣದೋರಿಗೆ."

ಎರಡೂ ಲೆನ್ಸ್ ಹೊತ್ತು ಭಾವನೂ ನಾನೂ ಅಲ್ಲಿಂದ ನೇರವಾಗಿ ಹಳೆಯ ಕಚೇರಿಯೊಂದರ ಮೆಟ್ಟಿಲ ಹಜಾರಕ್ಕೆ ಹೋದೆವು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಮೇಲಿನ ಮೂಲೆಯಲ್ಲಿ ಕತ್ತಲು. ಅಂಥ ಕಡೆ ಯಾರಾದರೂ ಟಾರ್ಚ್ ಹಚ್ಚಿ ಹಿಡಿಯಬೇಕು, ಆ ಬೆಳಕಿನ ಚುಕ್ಕೆಗೆ ಭಾವ ಫೋಕಸ್ ಮಾಡುತ್ತಾರೆ. ನಾನು ಐವತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಟಾರ್ಚನ್ನು ಚಾಚಿ ಹಿಡಿದೆ.

"ಬಂತು! ಸೂಜಿಮೊನೆ ಹಾಗೆ ಕಾಣ್ತಿದೆ. ಇಳಿದು ಬಾ," ಎಂದು ಬಟ್ಟೆಯೊಳಗಿಂದಲೇ ಕೂಗಿದರು.

ಕೈ ನೋಡಿಕೊಂಡೆ. ನಾನಿನ್ನೂ ಟಾರ್ಚಿನ ಗುಂಡಿಯನ್ನೇ ಒತ್ತಿರಲಿಲ್ಲ.

ಭಾವನನ್ನು ಗೇಲಿ ಮಾಡುವುದು ಭಾವಮೈದುನನಾದ ನನ್ನ ಹಕ್ಕು, ಮೂವತ್ತು ವರ್ಷ ಅದನ್ನು ಚೆನ್ನಾಗಿಯೇ ಚಲಾಯಿಸಿದ್ದೇನೆ. ಇದು ಗೇಲಿಯ ಮಾತಲ್ಲ. ಬಾಯಿ ಬಿಡದಿದ್ದರೆ ಮೂರನೆಯ ಫೋಟೊವೂ ಮಬ್ಬಾಗಿ, ಇರುವ ಕೆಲಸವೂ ಹೋಗುತ್ತಿತ್ತು. ಇಳಿದು ಬಂದೆ.

"ಭಾವ, ಟಾರ್ಚ್ ಹಚ್ಚಿರಲಿಲ್ಲ."

ಕಪ್ಪು ಬಟ್ಟೆಯೊಳಗಿಂದ ತಲೆ ಹೊರಬಂತು. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ, ಅವತ್ತು ಬೈಯಲಿಲ್ಲ.

"ಆ ಕುಂಬಳಕಾಯಿ ಕೊಡು," ಎಂದರು. ಅದನ್ನು ಕ್ಯಾಮೆರಾಕ್ಕೆ ಕೂರಿಸಿದರು. "ಮತ್ತೆ ಹತ್ತು. ಐದು ಸಲ ನೋಡ್ತೀನಿ. ಹಚ್ಚೋದು ಆರಿಸೋದು ನಿನ್ನಿಷ್ಟ. ನಾನು ತಪ್ಪು ಹೇಳಿದ್ರೆ ತಪ್ಪು ಅನ್ನು. ಅಯ್ಯೋ ಪಾಪ ಅನ್ನೋದೆಲ್ಲ ಬೇಡ."

ಹತ್ತಿದೆ.

"ಹಚ್ಚಿದೀಯ," ಎಂದರು ಕೆಳಗಿನಿಂದ. ಸರಿ, ಎಂದೆ. "ಆರಿಸಿದೀಯ." ಸರಿ. "ಈಗಲೂ ಇಲ್ಲ." ಅದೂ ಸರಿ. "ಹಚ್ಚಿದೀಯ." ಸರಿ. ಐದನೆಯ ಸಲ ಟಾರ್ಚ್ ಹಚ್ಚಿ, ಗೋಡೆ ಸೂರಿಗೆ ಸೇರುವ ತೀರಾ ಮೂಲೆಗೆ ಚಾಚಿದೆ.

"ಇಲ್ಲ."

ಸರಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ತಪ್ಪು, ಭಾವ."

ನಾನು ಕೆಳಗೆ ಬರುವಷ್ಟರಲ್ಲಿ ಸಣ್ಣ ಲೆನ್ಸ್ ಡಬ್ಬಿ ಸೇರಿತ್ತು. "ಐದಕ್ಕೆ ನಾಲ್ಕು. ದೊಡ್ಡದೇ ಇರಲಿ," ಎಂದರು. ಆಮೇಲೆ ಕಪ್ಪು ಬಟ್ಟೆಯ ಅಂಚನ್ನು ಎತ್ತಿ ಹಿಡಿದರು.

"ಬಾ, ಆ ಮೂಲೆ ನೀನು ನೋಡು. ಬೆಳಕು ಸೂಜಿಮೊನೆ ಆಗೋವರೆಗೂ ಈ ತಿರುಪು ತಿರುಗಿಸು."

ನನ್ನ ಕೈಯಿಂದ ಟಾರ್ಚ್ ಇಸಿದುಕೊಂಡರು. ಅದನ್ನು ಹಚ್ಚಿ ನೋಡಿಕೊಂಡು, ಪಕ್ಕದ ಕಟಾಂಜನದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದರು.