ಕಂಪ್ಯೂಟರನ್ನು ಮಲಗಿಸುವ ಹೊತ್ತು

ನಿದ್ದೆ ಮಾಡುವವರ ಮುಖ ನೋಡುತ್ತ ಕೂರುವುದು ನನ್ನ ಹಳೆಯ ಚಟ. ಜಗಲಿಯ ನೆರಳಿಗೆ ಒರಗಿದ ಮೇಕೆಮರಿಯಾಗಲಿ, ಟೌನ್ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಬಾಯಿ ತೆರೆದ ಅಪರಿಚಿತನಾಗಲಿ, ನಿದ್ದೆಯಲ್ಲಿ ಎಲ್ಲರೂ ಒಂದೇ ವಯಸ್ಸಿನವರು. ಈಚೆಗೆ ನನ್ನ ಈ ದರ್ಶನಭಾಗ್ಯಕ್ಕೆ ಹೊಸದೊಂದು ಮುಖ ಸೇರಿದೆ; ಅದು ಮೊಮ್ಮಗಳ ಲ್ಯಾಪ್‌ಟಾಪಿನದು. ಅವಳು ಕಾಫಿಗೆಂದು ಎದ್ದು ಅದರ ಮುಚ್ಚಳ ಮುಚ್ಚಿದರೂ ಪಕ್ಕೆಯಲ್ಲಿ ಸಾಸಿವೆಯಷ್ಟು ಬೆಳಕೊಂದು ಹತ್ತಿ ಆರುತ್ತ, ಆರಿ ಹತ್ತುತ್ತ ಇರುತ್ತದೆ. ಹಾಲು ಕುಡಿದು ಮಲಗಿದ ಕೂಸಿನ ಎದೆ ಏರಿಳಿದ ಹಾಗೆ. ನೋಡುತ್ತ ನೋಡುತ್ತ ನನ್ನ ಉಸಿರೂ ಅದರ ಲಯಕ್ಕೇ ಬಂದುಬಿಡುತ್ತದೆ.

ನಾನು ಮೂರನೇ ಕ್ಲಾಸಿಗೇ ವಿದ್ಯೆಗೆ ಕೈಮುಗಿದು ಮಗ್ಗದ ಗುಂಡಿಗೆ ಇಳಿದವನು. ಸೇಲಂ ಸೀಮೆಯ ನಮ್ಮೂರಿನಲ್ಲಿ ಆ ಮೂರು ಕ್ಲಾಸೂ ತಮಿಳಿನವು. ಕನ್ನಡದ ಅಕ್ಷರ ಕಲಿಸಿದ್ದು ನಮ್ಮಪ್ಪ, ನೂಲಿನ ಕಟ್ಟಿಗೆ ಸುತ್ತಿ ಬರುತ್ತಿದ್ದ ಹಳೇ ಪೇಪರುಗಳನ್ನು ನೆಲದ ಮೇಲೆ ಹರವಿ. ನನ್ನ ಬರಹದಲ್ಲಿ ಸಂಪಾದಕೀಯದ ಗಾಂಭೀರ್ಯವೂ ಕೂದಲೆಣ್ಣೆ ಜಾಹೀರಾತಿನ ಉತ್ಸಾಹವೂ ಬೆರೆತು ಕಂಡರೆ ಓದುವವರು ಕ್ಷಮಿಸಬೇಕು, ಅದು ಆ ಪೇಪರುಗಳ ಗುಣ. ಈ ಹೊತ್ತಂತೂ ಉತ್ಸಾಹದ ಪಾಲೇ ಹೆಚ್ಚು. ಕಾರಣ, ನನ್ನ ಮೊಮ್ಮಗಳು.

ಸರ್ಟಿಫಿಕೇಟಿನಲ್ಲಿ ಚೌಡೇಶ್ವರಿ, ಆಫೀಸಿನಲ್ಲಿ ಈಶ್ವರಿ, ಮನೆಯಲ್ಲಿ ಚೌಡಿ. ಸೇಲಂನ ಒಂದು ಆಸ್ಪತ್ರೆಯವರು ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಆ ಆಸ್ಪತ್ರೆಗೆ ಮೆಟ್ಟೂರು, ಪೆನ್ನಾಗರಂ, ಅರೂರು ಅಂತ ಊರೂರಲ್ಲಿ ಶಾಖೆಗಳು, ಶಾಖೆಯ ಮೇಜುಮೇಜಿಗೂ ಕಂಪ್ಯೂಟರುಗಳು. ಅವೆಲ್ಲವೂ ಒಂದೇ ಕಟ್ಟುಪಾಡಿನಲ್ಲಿ ಇರಬೇಕಂತೆ. ಮುಂದೆ ಕೂತವನು ಎದ್ದು ಹೋದರೆ ತಾನಾಗಿ ಬೀಗ ಹಾಕಿಕೊಳ್ಳಬೇಕು, ಕಂಡವರ ಪೆನ್‌ಡ್ರೈವನ್ನು ಒಳಗೆ ಬಿಟ್ಟುಕೊಳ್ಳಬಾರದು. ಮೇಲಿನಿಂದ ಹೊಸ ಕಟ್ಟಳೆ ಬಂದರೆ ಎಲ್ಲವೂ ಸಮನಾಗಿ ಒಪ್ಪಿಕೊಳ್ಳಬೇಕು. ಒಂದೇ ಒಂದು ತಪ್ಪಿದರೂ ಆ ಬಾಗಿಲಿಂದ ಕಳ್ಳ ನುಗ್ಗಿ ರೋಗಿಗಳ ಗುಟ್ಟನ್ನೆಲ್ಲ ಹೊತ್ತುಕೊಂಡು ಹೋಗುತ್ತಾನಂತೆ. ಕಟ್ಟುಪಾಡಿಗೆ ಒಗ್ಗಿದ ಯಂತ್ರ ಚೌಡಿಯ ತೆರೆಯ ಮೇಲೆ ಹಸಿರು, ಒಗ್ಗದ್ದು ಕೆಂಪು. ಒಬ್ಬ ಸಾಹುಕಾರನ ಸೀರೆಗಳನ್ನು ಹತ್ತಾರು ಮನೆಗಳಲ್ಲಿ ನೇಯುವಾಗ ಎಲ್ಲ ಮನೆಯ ಅಂಚೂ ಒಂದೇ ಬಣ್ಣ ಬರಬೇಕಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ. ಹಾಗಲ್ಲ ಎಂದು ಅವಳೂ ಹೇಳಲಿಲ್ಲ.

ವಾರಕ್ಕೊಂದು ದಿನ ಆಫೀಸು, ಮಿಕ್ಕಂತೆ ಮನೆಯಿಂದಲೇ ಕೆಲಸ. ಅವಳ ತೊಟ್ಟಿಲು ಕಟ್ಟಿದ್ದ ತೊಲೆಯ ಕೆಳಗೇ ಈಗ ಅವಳ ಮೇಜು. ನಾನು ಲಾಳಿ ಎಸೆಯುತ್ತಿದ್ದರೆ ಪಕ್ಕದಲ್ಲೇ ಅವಳು ಎರಡು ಜಿಲ್ಲೆಯ ಯಂತ್ರಗಳನ್ನು ಗದರಿಸುತ್ತ ಕೂತಿರುತ್ತಾಳೆ. ಈ ಸಂಗತಿಯನ್ನು ನಾನು ಟೀ ಅಂಗಡಿಯವನಿಗೆ, ಎದುರುಮನೆಯ ಬೆಳ್ಳಿ ಕಾಲ್ಗೆಜ್ಜೆ ಮಾಡುವವನಿಗೆ, ಕೇಳದಿದ್ದ ಕಂಡಕ್ಟರಿಗೆ ಕೂಡ ತಿಳಿಸಿದ್ದೇನೆ.

ಆದರೆ ಕೆಲಸ ಇನ್ನೂ ಪಕ್ಕಾ ಆಗಿರಲಿಲ್ಲ. ಪರೀಕ್ಷಾವಧಿ ಮುಗಿಯುವ ದಿನ ಅವಳ ವಶದ ಯಂತ್ರಗಳೆಲ್ಲ ಹಸಿರಾಗಿದ್ದರೆ ಖಾಯಂ, ಇಲ್ಲವಾದರೆ ನಮಸ್ಕಾರ. ದಿನ ಹತ್ತಿರ ಬಂದರೂ ಕೆಲವು ಹಟಮಾರಿ ಯಂತ್ರಗಳು ಕೆಂಪಾಗೇ ಉಳಿದವು. ಶಾಖೆಗಳಿಗೆ ಫೋನು ಮಾಡಿ ತಮಿಳಿನಲ್ಲಿ ಅವಳು ಗದರುವುದನ್ನು ಕೇಳಿ, ಈ ದನಿ ಅವಳ ಅಜ್ಜಿಯದು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ದಿನ ಅವಳು ಗದರುವುದನ್ನೇ ನಿಲ್ಲಿಸಿ ತಲೆ ತಗ್ಗಿಸಿ ಕೂತಳು. ಕೆಂಪಾದವುಗಳಲ್ಲಿ ಅವಳ ಸ್ವಂತ ಲ್ಯಾಪ್‌ಟಾಪೂ ಒಂದಂತೆ. ಊರಿಗೆಲ್ಲ ಕಟ್ಟಳೆ ಹೇಳುವವಳ ಯಂತ್ರವೇ ಕಟ್ಟಳೆ ತಪ್ಪಿತ್ತು. ರಾತ್ರಿ ಹೊತ್ತು ತೆರೆದಿಟ್ಟರೂ ಬೆಳಿಗ್ಗೆ ಆರಿರುತ್ತದೆ, ಕರೆಂಟು ಹೋಗಿ ಹೀಗಾಗುತ್ತದೋ ಬ್ಯಾಟರಿ ಕೆಟ್ಟಿದೆಯೋ ತಿಳಿಯದು ಎಂದಳು. ಟೀ ಅಂಗಡಿಯಲ್ಲಿ ಕೊಚ್ಚಿಕೊಂಡದ್ದಕ್ಕೆ ದೃಷ್ಟಿಯಾಗಿದೆ ಎಂದು ನನ್ನ ಹೆಂಡತಿ ಮೆಣಸಿನಕಾಯಿ ನಿವಾಳಿಸಿದಳು. ಲ್ಯಾಪ್‌ಟಾಪಿಗೂ ಸೇರಿಸಿ.

ಆ ಸಂಜೆ ದೀಪ ಹಚ್ಚಿದ ಮೇಲೆ ಎಂದಿನಂತೆ ನಾನು ಹಾಸುನೂಲಿನ ಬಿಗಿ ಸಡಿಲಿಸಿ, ಮಗ್ಗಕ್ಕೆ ಬಟ್ಟೆ ಹೊದಿಸಿ ಕಣ್ಣಿಗೊತ್ತಿಕೊಂಡೆ. ರಾತ್ರಿಯಿಡೀ ಬಿಗಿಯಲ್ಲಿಟ್ಟರೆ ನೂಲು ಸೋಲುತ್ತದೆ. ನಮ್ಮಪ್ಪನೂ ಹೀಗೇ ಮಾಡುತ್ತಿದ್ದ. ಆಮೇಲೆ ಎಂದಿನಂತೆ ಪಕ್ಕದ ಮೇಜಿಗೆ ಹೋಗಿ ವೈರು ಕಿತ್ತು, ಗುಂಡಿಯನ್ನು ದೀಪ ಆರುವ ತನಕ ಒತ್ತಿ ಹಿಡಿದು, ನಾನೇ ನೇಯ್ದ ಟವಲನ್ನು ಹೊದಿಸುತ್ತಿದ್ದೆ. ಧೂಳಿಗೆಂದು ಹೊದಿಸುತ್ತೇನೆ ಅಂತಷ್ಟೇ ಚೌಡಿಗೆ ಗೊತ್ತಿತ್ತು. ಆ ಹೊತ್ತಿಗೆ ಮಹಡಿಯ ಮೇಲಿರುವವಳು ಅಂದು ಬೇಗ ಇಳಿದು ಬಂದು ಬಾಗಿಲಲ್ಲೇ ನಿಂತಳು.

"ತಾತಾ, ಏನ್ ಮಾಡ್ತಾ ಇದ್ದೀಯ?"

"ಮಲಗಿಸ್ತಾ ಇವ್ನಿ ಕಣಮ್ಮಾ. ಬೆಳಗ್ಗಿಂದ ದುಡಿದೈತೆ ಪಾಪ."

"ದಿನಾನಾ?"

"ಬಂದ ದಿನದಿಂದ್ಲೂ. ಬೆಳಗ್ಗೆ ಮಗ್ಗ ಬಿಚ್ಚುವಾಗ ವೈರು ತಿರುಗ ಸಿಗಿಸ್ತೀನಲ್ಲ."

ಅವಳು ಗೋಡೆಗೆ ಒರಗಿ ಕೂತೇಬಿಟ್ಟಳು. ಹೊಸ ಕಟ್ಟಳೆಗಳು ಬರುವುದೇ ರಾತ್ರಿಯಂತೆ. ಆಸ್ಪತ್ರೆಯ ಮೇಜುಗಳು ಖಾಲಿಯಾದ ಹೊತ್ತಿನಲ್ಲಿ, ಎಚ್ಚರವಾಗಿರುವ ಯಂತ್ರಗಳಿಗೆ ಮಾತ್ರ. ನನ್ನ ಕೈಯಲ್ಲಿದ್ದ ಟವಲು ಒದ್ದೆ ಕಂಬಳಿಯಷ್ಟು ಭಾರವಾಯಿತು. ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ತೇಲಿ ಬಂತು. "ಮಗ್ಗಕ್ಕೂ ಮಿಶಿನ್ನಿಗೂ ಯತ್ಯಾಸ ತಿಳೀದ ಮನುಸ. ಬೀದಿ ಮೂಲೆ ಟ್ರಾನ್ಸ್‌ಫಾರ್ಮರ್ಗೆ ಇನ್ನೂ ಟವಲ್ ಒದಿಸಿಲ್ಲ, ಅದೇ ನಮ್ ಪುಣ್ಯ."

ಚೌಡಿ ನಗಲಿಲ್ಲ, ಬೈಯಲೂ ಇಲ್ಲ. ಟವಲನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಅಂಚನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಅಂದಳು. "ತಾತಾ, ಪೆನ್ನಾಗರಂನಾಗೂ ಒಬ್ಬ ತಾತ ಇರ್ಬೇಕು."

ಮಾರನೆಯ ದಿನ ಅವಳು ಶಾಖೆಗಳಿಗೆ ಫೋನು ಮಾಡಿದಾಗ ದನಿಯಲ್ಲಿ ಅಜ್ಜಿ ಇರಲಿಲ್ಲ. ಸಂಜೆ ಬಾಗಿಲು ಹಾಕುವವರು ಯಾರು, ಅವರನ್ನು ಸ್ವಲ್ಪ ಕರೆಯಿರಿ ಎಂದು ಕೇಳಿದಳು. ಪೆನ್ನಾಗರಂನಲ್ಲಿ ಒಬ್ಬ ಆಯಾ, ಯಾರೂ ಇಲ್ಲದ ಕೋಣೆಯಲ್ಲಿ ಕರೆಂಟು ಯಾಕೆ ಉರಿಯಬೇಕೆಂದು ಎಲ್ಲ ಸ್ವಿಚ್ಚನ್ನೂ ಆರಿಸುತ್ತಿದ್ದಳು. ಮೆಟ್ಟೂರಿನಲ್ಲಿ ವಾಚ್‌ಮನ್ ಒಬ್ಬ ಸಿಡಿಲಿಗೆ ಹೆದರಿ, ಮೋಡವಿಲ್ಲದ ದಿನವೂ ವೈರು ಕಿತ್ತಿಡುತ್ತಿದ್ದ. ಹಟಮಾರಿ ಎಂದುಕೊಂಡ ಯಂತ್ರಗಳೆಲ್ಲ ಯಾರದೋ ಅಕ್ಕರೆಯಲ್ಲಿ ಸುಖವಾಗಿ ನಿದ್ದೆ ಹೋಗಿದ್ದವು. ಚೌಡಿ ಅವರಾರಿಗೂ ಹಾಗೆ ಮಾಡಬೇಡಿ ಎನ್ನಲಿಲ್ಲ. ತನ್ನ ಮೇಲಿನ ಮೇಡಮ್ಮಿಗೆ ನಡೆದದ್ದನ್ನು, ನನ್ನ ಟವಲಿನ ಸಮೇತ, ಇದ್ದಂತೆ ಹೇಳಿ, ಕಟ್ಟಳೆ ಕಳಿಸುವುದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಬದಲಿಸಲು ಕೇಳಿಕೊಂಡಳು. ಮಾಡಿ ನೋಡು ಎಂದರಂತೆ. ಕೆಲಸದ ಮಾತಿಗೆ ಮಾತ್ರ "ಪಾಕಲಾಂ" ಎಂದರಂತೆ. ನೋಡೋಣ ಎನ್ನುವ ಆ ತಮಿಳು ಮಾತು ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರದ ಹಾಗೆ ಮಾಡಿತು.

ಅಂದಿನಿಂದ ಮಧ್ಯಾಹ್ನ ಉಂಡು ಜಗಲಿಯಲ್ಲಿ ಒರಗಿದರೆ ನನ್ನ ಅರೆನಿದ್ದೆಗೆ ಕೆಲಸವೋ ಕೆಲಸ. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇರುತ್ತದೆ, ನಾನು ಅತ್ತ ಸುಳಿಯುವುದಿಲ್ಲ. ಮುಚ್ಚಿದ ಕಣ್ಣಿನೊಳಗೆ ಕಟ್ಟಳೆಗಳು ಬಿಳಿಯ ಹಕ್ಕಿಗಳಾಗಿ ಏಳುತ್ತವೆ. ಒಂದು ಸಾಲು ತೊಪ್ಪೂರು ಘಾಟಿಯ ಲಾರಿಗಳ ಮೇಲೆ ಹಾದು, ಇನ್ನೊಂದು ಮೆಟ್ಟೂರು ಅಣೆಕಟ್ಟಿನ ನೀರಿನಲ್ಲಿ ತನ್ನ ನೆರಳು ನೋಡಿಕೊಂಡು, ಹೊಗೆನಕಲ್ಲಿನ ಹನಿಗಳಲ್ಲಿ ರೆಕ್ಕೆ ತೋಯಿಸಿಕೊಂಡು, ಒಂದೊಂದು ಮೇಜಿನ ಮೇಲೆ ಒಂದೊಂದು ಇಳಿಯುತ್ತವೆ. ಊಟದ ಡಬ್ಬಿ ಬಿಚ್ಚಿದ ಆಯಾ ತಲೆಯೆತ್ತಿ ನೋಡಿ, ಇಷ್ಟು ಅನ್ನ ಹಾಕುತ್ತಾಳೆ. ಮೇಜುಗಳು ಒಂದಾದ ಮೇಲೊಂದು ಪೈರಿನ ಹಾಗೆ ಹಸಿರಾಗುತ್ತ ಹೋಗುತ್ತವೆ. ಎಚ್ಚರವಾದಾಗ ಒಳಗೆ ಏನಾಯಿತೆಂದು ಕೇಳಲು ಭಯ. ಚೌಡಿಯ ಬೆನ್ನು ನೋಡಿ ಮಗ್ಗದ ಗುಂಡಿಗೆ ಇಳಿಯುತ್ತಿದ್ದೆ.

ಕೊನೆಯ ದಿನ ಅವಳನ್ನು ಆಫೀಸಿಗೇ ಕರೆಸಿಕೊಂಡರು. ನಾನು ಲಾಳಿ ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದವಳು ಚೀಲದಿಂದ ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಚೌಡಿ ಗೂಟದಲ್ಲಿದ್ದ ಟವಲನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಖಾಯಂ ಆಯ್ತು ತಾತಾ. ಒದಿಸು."

ಹೊದಿಸಿದೆ. ಅಂಚು ಸೊಟ್ಟಗೆ ಬಂತು. ಅವಳು ಇನ್ನೊಂದು ತುದಿಯನ್ನು ಹಿಡಿದು ನನ್ನ ಕಡೆಗೆ ಸ್ವಲ್ಪ ಎಳೆದು ನೇರ ಮಾಡಿದಳು.