ಖಾಲಿ ಹೊಟ್ಟೆಯ ಸಾಲಿನ ಮುಂದೆ ಅಕ್ಕನ ನಾಟಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ರಕ್ತಪರೀಕ್ಷೆಯ ಕಿಟಕಿ ಇನ್ನೂ ತೆರೆದಿಲ್ಲ. ಏನೂ ತಿನ್ನದೆ ಬಂದ ಎಪ್ಪತ್ತು ಮಂದಿ ಮುಖ ಗಂಟಿಕ್ಕಿಕೊಂಡು ಸಾಲಾಗಿ ನಿಂತಿದ್ದಾರೆ. ಅವರೆದುರು ಐವತ್ತೆಂಟರ ಹೆಂಗಸೊಬ್ಬರು ಗಂಡಸಿನ ಅಂಗಿ ತೊಟ್ಟು ಕುಂಟುತ್ತಾ, "ನನಗ್ಯಾವ ಸಕ್ಕರೆ ಕಾಯಿಲೆ? ಕಲ್ಲು ತಿಂದು ಅರಗಿಸ್ಕೊಳ್ಳೋ ಆಳು ನಾನು!" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಾರೆ. ಒಬ್ಬರು ನಗುತ್ತಾರೆ. ಉಳಿದವರು ಕಿಟಕಿಯನ್ನೇ ನೋಡುತ್ತಾರೆ.

ಸಾಲಿನವರ ಬಾಯಲ್ಲಿ ಇವರು ‘ಸಕ್ಕರೆ ಅಕ್ಕ’. ಇದೇ ಆಸ್ಪತ್ರೆಯಲ್ಲಿ ಗಾಯಕ್ಕೆ ಬ್ಯಾಂಡೇಜು ಕಟ್ಟುವ ಕೋಣೆಯ ಆಯಾ. ದಿನಕ್ಕೆ ಹದಿನೈದು, ಇಪ್ಪತ್ತು ಪಾದ ತೊಳೆಯುವ ಕೈ. "ಕಾಲು ಕತ್ತರಿಸಿದ್ಮೇಲೆ ಬುದ್ಧಿ ಹೇಳಿ ಏನು ಬಂತು? ಮೊದ್ಲೇ ಹೇಳೋಣ ಅಂತ ಶುರು ಮಾಡ್ದೆ" ಎನ್ನುತ್ತಾರೆ.

ಹದಿನಾರು ವರ್ಷಗಳಿಂದ ವಾರಕ್ಕೆ ಮೂರು ದಿನ ಈ ಆಟ. ಅರ್ಧ ನಾಟಕ ಖಾಲಿ ಹೊಟ್ಟೆಯವರಿಗೆ, ಉಳಿದರ್ಧ ತಿಂದು ಬಂದು ಎರಡನೇ ಸಲ ರಕ್ತ ಕೊಡಲು ಕಾಯುವವರಿಗೆ. ಮೊದಲರ್ಧದಲ್ಲಿ ತಿಂಡಿಯ ಸುದ್ದಿ ಎತ್ತುವಂತಿಲ್ಲ. "ಒಂದ್ಸಲ ಎತ್ತಿದ್ವಿ ನೋಡಿ, ಹೊಡೆಯೋಕೇ ಬಂದ್ರು!"

ಇವತ್ತು ಇವರು ಹಾಕಿರುವ ಅಂಗಿ ತಮ್ಮನದು. ಈ ಹಠಮಾರಿಯ ಪಾತ್ರವೂ ಅವನದೇ. ಅವನು ದರ್ಜಿ, ಅವನಿಗೂ ಸಕ್ಕರೆ ಕಾಯಿಲೆ. ಪ್ರತಿ ಆಟಕ್ಕೂ ಅಕ್ಕ ಅವನ ಬಲ ಅಂಗಾಲಿಗೆ ಕೆಂಪು ಬಣ್ಣದಲ್ಲಿ ಗಾಯ ಬರೆಯುತ್ತಿದ್ದರು. ನಾಟಕದಲ್ಲಿ ಹೆಂಡತಿಯ ಪಾತ್ರದವಳು ಆ ಪಾದಕ್ಕೆ ಕನ್ನಡಿ ಹಿಡಿದು, "ದಿನಾ ಹೀಗೆ ನೋಡ್ಕೊಳ್ರಪ್ಪಾ" ಎಂದು ಸಾಲಿಗೆ ತೋರಿಸುತ್ತಿದ್ದಳು. ಎಡಗಾಲು ಚಪ್ಪಲಿಯಲ್ಲೇ ಇರುತ್ತಿತ್ತು.

ತಿಂಗಳ ಹಿಂದೆ ತಮ್ಮ ಆಟದ ನಡುವೆ ಎಡಗಾಲು ಎಳೆಯತೊಡಗಿದ. ಅಕ್ಕನಿಗೆ ರೇಗಿಹೋಯಿತು. "ಗಾಯ ಬಲಗಾಲಿಗೆ, ಕುಂಟೋದು ಎಡಗಾಲಾ? ತಲೆ ಎಲ್ಲಿಟ್ಟಿದ್ದೀಯೋ?" ಎಂದು ಎಲ್ಲರೆದುರೇ ಬೈದರು. ಎಲ್ಲರೂ ನಕ್ಕರು, ಅವನೂ ನಕ್ಕ. ಅಂದಿನಿಂದ ಮೈಭಾರವನ್ನೆಲ್ಲ ಎಡಗಾಲ ಮೇಲೆ ಹಾಕಿ, ಬಲಗಾಲು ಕುಂಟಿಸಿದ. ಹೀಗೆ ಒಂಬತ್ತು ಆಟ ನಡೆದವು.

ಆ ಎಡ ಅಂಗಾಲಲ್ಲಿ ಹೊಲಿಗೆ ಯಂತ್ರದ ಮುರಿದ ಸೂಜಿಯ ತುಂಡು ಹೊಕ್ಕಿತ್ತು. ಕಾಯಿಲೆಯಿಂದ ಜೋಮು ಹಿಡಿದ ಪಾದ. ಅವನಿಗೆ ನೋವೇ ಗೊತ್ತಾಗಿರಲಿಲ್ಲ, ಕಾಲು ಭಾರ ಅನಿಸಿತ್ತಷ್ಟೆ. ವಾಸನೆ ಬಂದ ದಿನ ಅಕ್ಕ ಚಪ್ಪಲಿ ಬಿಚ್ಚಿಸಿ ನೋಡಿದರು. "ಊರವರ ಕಾಲೆಲ್ಲಾ ನೋಡಿದ ಕಣ್ಣು ಸಾರ್ ಇದು. ಒಡಹುಟ್ಟಿದವನ ಕಾಲು ಕಾಣಿಸ್ಲಿಲ್ವಲ್ಲ" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ನಾಳೆ ಮೊಣಕಾಲಿನ ಕೆಳಗೆ ತೆಗೆಯುತ್ತಾರೆ. ಯಂತ್ರ ತುಳಿಯುವ ಕಾಲು ಅದು.

ಆಟ ಶುರುವಾಗುವ ಮುನ್ನ, ನಾಟಕದಿಂದ ಯಾರಿಗಾದರೂ ಉಪಯೋಗವಾಯಿತೇ ಎಂದು ಕೇಳಿದೆ. ಕೇಳಬಾರದಿತ್ತು. "ಇಲ್ಲಿ ಚಪ್ಪಾಳೆ ಹೊಡೆದವರೇ ನಾಳೆ ಬ್ಯಾಂಡೇಜಿಗೆ ಬರ್ತಾರೆ. ನನ್ನ ಮನೇಲೇ ಆಗ್ಲಿಲ್ಲ, ಇನ್ನು ಯಾರಿಗೆ ಆಗುತ್ತೆ?" ಎಂದರು. ಮತ್ತೆ ಇವತ್ತೇಕೆ ಆಡುತ್ತೀರಿ ಎಂದರೆ, "ಸಾಲು ನಿಂತಿದೆಯಲ್ಲ" ಎಂದರು.

ಕಿಟಕಿ ತೆರೆಯುತ್ತದೆ. ಜನ ನಾಟಕವನ್ನು ಅರ್ಧಕ್ಕೇ ಬಿಟ್ಟು ಮುಂದಕ್ಕೆ ನುಗ್ಗುತ್ತಾರೆ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ.

"ನಿನ್ನೆ ವಾರ್ಡಲ್ಲಿ ಏನಂದ ಗೊತ್ತಾ? ‘ಅಕ್ಕಾ, ನೀನು ಬೈದ್ಮೇಲೆ ಸರಿಯಾಗಿ ಕುಂಟಿದ್ನಲ್ವಾ?’ ಅಂದ. ಅಷ್ಟೇ ಸಾರ್ ಅವನು ಕೇಳಿದ್ದು. ಒಂದೇ ಒಂದ್ಸಲ, ಬಾಯಿಗೆ ಬಂದ ಹಾಗೆ ನನ್ನ ಬೈದುಬಿಡ್ಲಿ. ನನಗೆ ಬೇರೇನೂ ಬೇಡ."