ಅಧ್ಯಕ್ಷರ ಆಯೇರಿ

ನಗೆನಾಟಕ ನೋಡಲು ಹೋಗಿ ಸಿಟ್ಟು ಹೊತ್ತುಕೊಂಡು ಬಂದವನು ಇಡೀ ವಿಜಯಪುರದಲ್ಲಿ ನಾನೊಬ್ಬನೇ ಇರಬೇಕು. ಈಗಲೂ ಯಾರಾದರೂ ಆ ನಾಟಕದ ಮಾತೆತ್ತಿ ನಕ್ಕರೆ ನನಗೆ ಮೈ ಉರಿಯುತ್ತದೆ.

ಅವತ್ತು ಬೆಳಿಗ್ಗೆ ತಿಕೋಟಾದಿಂದ ದೊಡ್ಡವ್ವ ಬಂದಿದ್ದಳು. ನನ್ನ ತಾಯಿಯ ಅಕ್ಕ. ಅವಳ ಎರಡೂ ಮೊಣಕಾಲು ಸವೆದಿವೆ, ಡಾಕ್ಟರು ಆಪರೇಷನ್ ಆಗಲೇಬೇಕು ಅಂದಿದ್ದಾರೆ. ಅದಕ್ಕೆಂದೇ ಕುರಿ ಮಾರಿದ ದುಡ್ಡನ್ನು ಒಂದು ಸೊಸೈಟಿಯಲ್ಲಿ ಠೇವಣಿ ಇಟ್ಟಿದ್ದಳು. ಅವಧಿ ಮುಗಿದರೂ ದುಡ್ಡಿಲ್ಲ. ಸಿದ್ಧೇಶ್ವರ ಗುಡಿ ಹತ್ತಿರದ ಶಾಖೆಯವರು ಬಬಲೇಶ್ವರದ ಕಚೇರಿಗೆ ಹೋಗಿ ಅನ್ನುತ್ತಾರೆ, ಬಬಲೇಶ್ವರದವರು ಅಧ್ಯಕ್ಷರನ್ನೇ ಕೇಳಿ ಅನ್ನುತ್ತಾರೆ. ಅಧ್ಯಕ್ಷರು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಅವತ್ತೂ ಅದೇ ಹಾಡು. ಕುಂಟುತ್ತ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದು, ಊಟವೂ ಬೇಡವೆಂದು ಗೋಡೆಗೆ ಒರಗಿ ಕೂತಳು. ಮನಸ್ಸಾದರೂ ಹಗುರಾಗಲಿ ಎಂದು ಊರಲ್ಲಿ ಟೆಂಟು ಹಾಕಿದ್ದ ಕಂಪನಿಯ ಮಧ್ಯಾಹ್ನದ ನಾಟಕಕ್ಕೆ ಕರೆದುಕೊಂಡು ಹೋದೆ.

ಮುಂದಿನ ಸೋಫಾದಲ್ಲಿ ಮುಖ್ಯ ಅತಿಥಿಯಾಗಿ ಕೂತಿದ್ದವರು ಅದೇ ಅಧ್ಯಕ್ಷರು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ದೊಡ್ಡವ್ವ ನನ್ನ ತೋಳು ಹಿಡಿದಳು.

"ತಮ್ಮಾ, ಸಿಕ್ಕಾನ ನೋಡು."

"ನಾಟಕ ಮುಗೀಲಿ ದೊಡ್ಡವ್ವ, ಆಮ್ಯಾಲೆ ಕೇಳೂಣು," ಅಂದೆ.

ನಾಟಕವಿದ್ದದ್ದು ಊರವರ ಉಳಿತಾಯ ನುಂಗಿದ ಒಬ್ಬ ಸಾಹುಕಾರನ ಮೇಲೆ. ಹಾಸ್ಯಪಾತ್ರದವನು ಹಾರ್ಮೋನಿಯಂ ತಾಳಕ್ಕೆ ಸೊಂಟ ಕುಣಿಸುತ್ತ ಅವನ ಮಾನ ಕಳೆಯುವ ಹಾಗೆ ಹಾಡಿದ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರು. ಅಷ್ಟು ನಾಚಿಕೆಗೆಟ್ಟ ನಗೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮ ಕಡೆ ಹಾಡು ಮನಸ್ಸಿಗೆ ಬಂದರೆ ರಂಗದ ಮೇಲೆ ಹೋಗಿ ಪಾತ್ರಧಾರಿಯ ಎದೆಗೆ ನೋಟು ಪಿನ್ನು ಮಾಡುತ್ತಾರೆ. ಅದಕ್ಕೆ ಆಯೇರಿ ಅನ್ನುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುವ ತನಕ ಆಟ ನಿಲ್ಲುತ್ತದೆ. ಅಧ್ಯಕ್ಷರು ಮೇಲೆ ಹತ್ತಿ ಹಾಸ್ಯದವನಿಗೆ ಐನೂರರ ಆಯೇರಿ ಮಾಡಿದರು. "ಕಲಾಪೋಷಕರು, ಬಡವರ ಬಂಧು" ಎಂದು ಮೈಕು ಹೊಗಳಿತು. ಯಾರ ದುಡ್ಡದು? ನಾನು ಹಲ್ಲು ಕಟಕಟ ಕಡಿದೆ.

ಪಕ್ಕಕ್ಕೆ ನೋಡಿದರೆ ದೊಡ್ಡವ್ವ ಇಲ್ಲ. ಕಟ್ಟಿಗೆಯ ಮೆಟ್ಟಿಲನ್ನು ಒಂದೊಂದೇ ಹತ್ತುತ್ತಿದ್ದಳು. ಆಯೇರಿ ಮಾಡಲು ಬಂದವರನ್ನು ಯಾರೂ ತಡೆಯುವುದಿಲ್ಲ. ಮೈಕಿನವನೇ ಕೈ ಹಿಡಿದು ಮೇಲೆ ಎಳೆದುಕೊಂಡ. ಅವಳು ಮೈಕು ಈಸಿಕೊಂಡು ಅಧ್ಯಕ್ಷರ ಎದುರು ನಿಂತಳು.

"ನಾ ತಿಕೋಟಾದಾಕಿರಿ. ಕುರಿ ಮಾರಿದ ರೊಕ್ಕ ನಿಮ್ಮ ಸೊಸೈಟಿಯೊಳಗ ಇಟ್ಟೇನಿ. ಮೊಣಕಾಲ ಆಪರೇಷನ್ ಆಗಬೇಕು. ಯಾವಾಗ ಕೊಡ್ತೀರಿ?"

ಟೆಂಟಿಗೆ ಟೆಂಟೇ ನಕ್ಕಿತು. ಇದೂ ನಾಟಕದ್ದೇ ಎಂದು ತಿಳಿದರು. ತಬಲಾದವನು ಒಂದು ಪೆಟ್ಟು ಹಾಕಿದ. ಹಾಸ್ಯದವನು ಸಿಕ್ಕ ಅವಕಾಶ ಬಿಡುತ್ತಾನೆಯೇ?

"ಕುರಿ ಹ್ವಾದ್ವು, ಇನ್ನ ಮೊಣಕಾಲೂ ಕೊಟ್ಟ ಹೋಗಬೇ," ಅಂದ. ಮತ್ತೆ ನಗೆ.

ನಾನು ಎದ್ದು ನಿಂತು, "ಇದು ನಾಟಕ ಅಲ್ರಿ, ಖರೇನ ಐತಿ," ಎಂದು ಕೂಗಿದೆ. ಹಿಂದಿನವನೊಬ್ಬ ಮಗ್ಗುಲಿನವನಿಗೆ, "ಇವನೂ ಕಂಪನಿಯವನ ಅದಾನ," ಅಂದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಅಧ್ಯಕ್ಷರ ಮುಖ ಬಿಳಿಚಿದ್ದನ್ನು ನಾನು ನೋಡಿದೆ. ಜನ ನಗುವುದು ಕಂಡು ಅವರಿಗೂ ಧೈರ್ಯ ಬಂತು. ಜೇಬಿನಿಂದ ನೂರರ ನೋಟು ತೆಗೆದು, ಮೈಕಿನವನಿಂದ ಪಿನ್ನು ಈಸಿಕೊಂಡು, ದೊಡ್ಡವ್ವನ ಸೆರಗಿಗೆ ಚುಚ್ಚಿದರು. ಎಂಥಾ ಪಾರ್ಟು ಮಾಡಿದಿ ಎನ್ನುವ ಹಾಗೆ ಬೆನ್ನು ತಟ್ಟಿದರು. ಚಪ್ಪಾಳೆಯೋ ಚಪ್ಪಾಳೆ.

ದೊಡ್ಡವ್ವ ನೋಟಿನ ಕಡೆ ಒಮ್ಮೆ ನೋಡಿದಳು. ಮೈಕು ಬಿಡಲಿಲ್ಲ.

"ಇದು ನೂರಾತು. ಉಳದದ್ದು ಯಾವಾಗ ಕೊಡ್ತೀರಿ?"

ಸಿಳ್ಳು ಬಿದ್ದವು. ಹಿಂದಿನ ಸಾಲುಗಳಿಂದ "ಒನ್ಸ್ ಮೋರ್" ಎಂದು ಕೂಗಿದರು. ಕಂಪನಿ ನಾಟಕ ನೋಡುತ್ತಲೇ ಬೆಳೆದವಳು, ಹಾಗೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅಧ್ಯಕ್ಷರ ಕಡೆ ತಿರುಗಿ ಮತ್ತೊಮ್ಮೆ ಕೇಳಿದಳು.